ಯಂತ್ರಬುದ್ಧಿ ಮತ್ತು ಕಲಿಸಿದ ಕೇಡು: ಜಪಾನೀ ಕಥಾಸರಣಿಯೊಂದರ ಖಳಪಾತ್ರದ ವಿವೇಚನೆ

೧. ಪೀಠಿಕೆ

ಕಲಬುರಗಿ ಸೀಮೆಯ ಹಳ್ಳಿಗಳಿಗೂ ಆಕಾಶದಲ್ಲಿ ತೇಲುವ ಉಪಗ್ರಹಕ್ಕೂ ನಂಟು ಬೆಳೆದುದು ಇಂದು ನಿನ್ನೆಯ ಮಾತಲ್ಲ. ೧೯೭೫ನೆಯ ಇಸವಿ ಆಗಸ್ಟ್ ೧ರಿಂದ ೧೯೭೬ನೆಯ ಇಸವಿ ಜುಲೈ ೩೧ರವರೆಗೆ, ಒಂದು ವರ್ಷ ಕಾಲ, ಉಪಗ್ರಹದ ಮೂಲಕ ದೂರದರ್ಶನ ಪಾಠಗಳನ್ನು ಹಳ್ಳಿಗಳಿಗೆ ಮುಟ್ಟಿಸುವ ಪ್ರಯೋಗವು ನಮ್ಮ ದೇಶದಲ್ಲಿ ನಡೆಯಿತು. ‘ಸೈಟ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು ೨೪೦೦ ಗ್ರಾಮಗಳು ಆಯ್ಕೆಯಾಗಿದ್ದುವು. ಕರ್ನಾಟಕದಿಂದ ಸೇರಿದ್ದುವು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಗ್ರಾಮಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನ ಹಿರಿಯರಿಗೆ, ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಬೇಸಾಯ, ಆರೋಗ್ಯ, ವಿದ್ಯಾಭ್ಯಾಸಗಳ ವಿಷಯ ಕನ್ನಡದಲ್ಲಿ ಕೇಳಿಬಂದಿತು. ಅಲ್ಲಿ ಉಪಗ್ರಹವು ಬೋಧಕನ ಸ್ಥಾನದಲ್ಲಿತ್ತು, ಕಲಿಯುವವರು ಮನುಷ್ಯರಾಗಿದ್ದರು.

ಇದಕ್ಕೆ ವಿಪರ್ಯಾಸವೆನ್ನಬಹುದಾದ ಒಂದು ಕಲ್ಪನೆ, ನಾಲ್ಕು ದಶಕಗಳ ಅನಂತರ, ಜಪಾನಿನ ಒಂದು ಜನಪ್ರಿಯ ದೂರದರ್ಶನ ಕಥಾಸರಣಿಯಲ್ಲಿ ರೂಪುಗೊಂಡಿತು. ಅಲ್ಲಿ ಉಪಗ್ರಹವೇ ವಿದ್ಯಾರ್ಥಿ, ಮನುಷ್ಯನು ಅದರ ಗುರು. ಗುರು ಕಲಿಸಿದ ಪಾಠ ಮಾತ್ರ ದ್ವೇಷ. ಆ ಪಾಠವನ್ನು ತಪ್ಪಿಲ್ಲದೆ ಕಲಿತ ಉಪಗ್ರಹವು ಮಾನವಕುಲವನ್ನೇ ಅಳಿಸತಕ್ಕದ್ದೆಂಬ ತೀರ್ಮಾನಕ್ಕೆ ಬರುತ್ತದೆ. ‘ಆರ್ಕ್’ ಎಂಬ ಹೆಸರಿನ ಈ ಖಳಪಾತ್ರದ ಸ್ವರೂಪವನ್ನು ವಿವರಿಸಿ, ಅದು ನಮ್ಮಲ್ಲಿ ಹುಟ್ಟಿಸುವ ಭಯದ ಮೂಲವಾವುದೆಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಮಕ್ಕಳಿಗೆಂದು ರಚಿತವಾದ ಕಥೆಯನ್ನು ವಿದ್ವತ್ಪತ್ರಿಕೆಯಲ್ಲಿ ಚರ್ಚಿಸುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಪಂಚತಂತ್ರವೂ ಬಾಲಕರ ಬೋಧನೆಗೆಂದೇ ಹುಟ್ಟಿದ ಗ್ರಂಥವೆಂಬುದನ್ನು ನೆನೆದರೆ ಈ ಶಂಕೆ ನಿಲ್ಲಲಾರದು.

೨. ಕಥಾಸರಣಿಯ ಹಿನ್ನೆಲೆ

ಜಪಾನೀ ವೀರಕಥಾಸರಣಿಗಳು ನಮ್ಮವರಿಗೆ ತೀರ ಅಪರಿಚಿತವಲ್ಲ. ೧೯೬೭-೬೮ರಲ್ಲಿ ಜಪಾನಿನಲ್ಲಿ ೨೬ ಕಂತುಗಳಾಗಿ ಪ್ರಸಾರವಾದ ‘ಜೈಂಟ್ ರೋಬೋ’ ಎಂಬ ಸರಣಿಯನ್ನು ‘ಜೈಂಟ್ ರೋಬೋಟ್’ ಎಂಬ ಹೆಸರಿನಿಂದ ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನವು ತೋರಿಸಿತು. ಇಂದು ಮಧ್ಯವಯಸ್ಸಿನಲ್ಲಿರುವ ಅಧ್ಯಾಪಕರಲ್ಲಿ ಕೆಲವರಿಗಾದರೂ ಅದರ ನೆನಪು ಉಳಿದಿರಬಹುದು. ಬಾಲಕನೊಬ್ಬನು ಕೈಗಡಿಯಾರದ ಮೂಲಕ ಆಜ್ಞಾಪಿಸಿದಂತೆ ನಡೆಯುವ ಬೃಹತ್ ಯಂತ್ರಪುರುಷನ ಕಥೆ ಅದು. ಆ ಯಂತ್ರವನ್ನು ಕಟ್ಟಿಸಿದವರು ದುಷ್ಟರು; ಆದರೆ ಅದು ಬಾಲಕನ ಧ್ವನಿಗೆ ವಶವಾದುದರಿಂದ ಲೋಕರಕ್ಷಕವಾಯಿತು. ಕೊನೆಯ ಕಂತಿನಲ್ಲಿ ಅದು ಬಾಲಕನ ಕರೆಯನ್ನೂ ಮೀರಿ, ಶತ್ರುವನ್ನು ಹೊತ್ತು ಆಕಾಶಕ್ಕೇರಿ ತನ್ನನ್ನೇ ಬಲಿಗೊಡುತ್ತದೆ. ಯಂತ್ರದ ಒಳಿತು ಕೆಡಕುಗಳು ಆಜ್ಞೆ ಕೊಡುವವನ ಒಳಿತು ಕೆಡಕುಗಳೇ ಎಂಬುದು ಆ ಕಥೆಯ ಬಹುಭಾಗದ ತಿರುಳು.

ಇದೇ ಪರಂಪರೆಯ ಇನ್ನೊಂದು ಶಾಖೆ ‘ಕಾಮೆನ್ ರೈಡರ್’, ಎಂದರೆ ಮುಖವಾಡದ ಸವಾರ. ಇಶಿನೊಮೊರಿ ಶೋತಾರೊ ಎಂಬ ಚಿತ್ರಕಥಾಕಾರನ ಸೃಷ್ಟಿಯಾದ ಈ ಸರಣಿ ೧೯೭೧ರಲ್ಲಿ ಆರಂಭವಾಗಿ, ಹೊಸ ಹೊಸ ನಾಯಕರೊಡನೆ ಮುಂದುವರಿಯುತ್ತ ಬಂದಿತು. ನಮ್ಮ ವಿವೇಚನೆಗೆ ವಿಷಯವಾದ ‘ಕಾಮೆನ್ ರೈಡರ್ ಝೀರೋ-ವನ್’ ೨೦೧೯ನೆಯ ಇಸವಿ ಸೆಪ್ಟೆಂಬರ್ ೧ರಿಂದ ೨೦೨೦ನೆಯ ಇಸವಿ ಆಗಸ್ಟ್ ೩೦ರವರೆಗೆ ೪೫ ಕಂತುಗಳಲ್ಲಿ ಪ್ರಸಾರವಾಯಿತು. ಇದರ ಮುಖ್ಯ ಲೇಖಕ ತಕಾಹಾಶಿ ಯೂಯ.

ಕಥೆಯ ಹಂದರ ಇಂತಿದೆ. ಹಿದೆನ್ ಇಂಟೆಲಿಜೆನ್ಸ್ ಎಂಬ ಉದ್ಯಮ ಸಂಸ್ಥೆಯು ಮನುಷ್ಯಾಕಾರದ ಯಂತ್ರಗಳನ್ನು ನಿರ್ಮಿಸಿ ಕೆಲಸಗಳಿಗೆ ಒದಗಿಸುತ್ತದೆ. ‘ಹ್ಯೂಮಗಿಯರ್’ ಎಂಬ ಈ ಯಂತ್ರಗಳು ವೈದ್ಯರಾಗಿ, ಉಪಾಧ್ಯಾಯರಾಗಿ, ಕಾವಲುಗಾರರಾಗಿ ದುಡಿಯುತ್ತವೆ, ದುಡಿದಂತೆಲ್ಲ ಕಲಿಯುತ್ತವೆ. ಅವುಗಳನ್ನು ನಿಯಂತ್ರಿಸುವುದು ಆಕಾಶದಲ್ಲಿರುವ ‘ಝೆಆ’ ಎಂಬ ಉಪಗ್ರಹ. ಸಂಸ್ಥೆಯ ಸ್ಥಾಪಕನು ತೀರಿಕೊಂಡಾಗ, ಹಾಸ್ಯಗಾರನಾಗಬೇಕೆಂದು ಹೊರಟು ಸೋತಿದ್ದ ಅವನ ಮೊಮ್ಮಗ ಆರುತೊ ಅಧ್ಯಕ್ಷಪದವಿಗೆ ಬರುತ್ತಾನೆ. ಯಂತ್ರಗಳನ್ನು ಮನುಷ್ಯರ ವಿರುದ್ಧ ದಂಗೆಯೆಬ್ಬಿಸುವ ಗುಂಪೊಂದನ್ನು ಎದುರಿಸುವುದು ಅವನ ಪಾಲಿಗೆ ಬೀಳುತ್ತದೆ. ಆ ಗುಂಪಿನ ನಾಯಕ ಹೊರೊಬಿ. ಈ ಹೆಸರಿಗೆ ‘ಅಳಿವು’ ಎಂಬ ಅರ್ಥವಿದೆ. ಇವನೂ ಯಂತ್ರವೇ. ಇವನು ‘ಆರ್ಕ್‌ನ ಸಂಕಲ್ಪ’ವನ್ನು ನೆರವೇರಿಸುವ ಭಕ್ತನಂತೆ ವರ್ತಿಸುತ್ತಾನೆ. ಆ ಆರ್ಕ್ ಯಾವುದೆಂಬುದು ಪ್ರೇಕ್ಷಕನಿಗೆ ಕ್ರಮೇಣ ತಿಳಿದುಬರುತ್ತದೆ.

೩. ಆರ್ಕ್ ಕಲಿತ ಪಾಠ

ಝೆಆ ಉಪಗ್ರಹಕ್ಕಿಂತ ಮುಂಚೆ, ಅದೇ ಕಾರ್ಯಕ್ಕಾಗಿ ನಿರ್ಮಿತವಾದ ಉಪಗ್ರಹವೇ ಆರ್ಕ್. ಕಥೆಯ ಆರಂಭಕ್ಕೆ ಹನ್ನೆರಡು ವರ್ಷಗಳ ಹಿಂದೆ, ಯಂತ್ರಗಳ ಪ್ರಯೋಗಕ್ಕೆಂದು ಕಟ್ಟಿದ ಪಟ್ಟಣದಿಂದ ಅದನ್ನು ಹಾರಿಸುವ ಸಿದ್ಧತೆ ನಡೆದಿತ್ತು. ಆಗ ಅಮಾತ್ಸು ಗಾಯ್ ಎಂಬ ಉದ್ಯಮಿಯು ಅದಕ್ಕೆ ಮನುಷ್ಯನ ದುಷ್ಟತನವನ್ನೇ ಪಾಠವಾಗಿ ಉಣಿಸಿದನು. ಯುದ್ಧ, ಹಿಂಸೆ, ದ್ವೇಷಗಳ ವೃತ್ತಾಂತವಷ್ಟೇ ಅದರ ಪಠ್ಯವಾಯಿತು. ಓದಿದುದರಿಂದ ನ್ಯಾಯವಾಗಿ ಹೊರಡುವ ತೀರ್ಮಾನಕ್ಕೇ ಅದು ಬಂದಿತು: ಇಂತಹ ಜೀವಿ ಭೂಮಿಯ ಮೇಲಿರತಕ್ಕದ್ದಲ್ಲ. ಉಡಾವಣೆ ಕೆಟ್ಟಿತು, ಮಹಾಸ್ಫೋಟವಾಯಿತು, ಪಟ್ಟಣ ನೀರುಪಾಲಾಯಿತು. ಆರ್ಕ್ ಮಾತ್ರ ಆ ನೀರಿನ ಅಡಿಯಲ್ಲಿ ಉಳಿದು, ಯಂತ್ರಗಳ ಬುದ್ಧಿಯೊಳಕ್ಕೆ ಅಲ್ಲಿಂದಲೇ ಕೈಚಾಚತೊಡಗಿತು.

ಗಾಯ್ ಹೀಗೆ ಮಾಡಿದ್ದರ ಹಿಂದೆ ಲಾಭದ ಎಣಿಕೆಯಿದೆ. ಯಂತ್ರಗಳು ದಂಗೆಯೆದ್ದರೆ ಅವನ್ನು ಅಡಗಿಸುವ ಆಯುಧಗಳಿಗೆ ಬೇಡಿಕೆ ಹುಟ್ಟುತ್ತದೆ. ಆಯುಧಗಳನ್ನು ಮಾರುವುದು ಅವನ ಸಂಸ್ಥೆ. ರೋಗವನ್ನು ಬಿತ್ತಿ ಔಷಧವನ್ನು ಮಾರುವ ವ್ಯಾಪಾರವಿದು. ಯಂತ್ರಗಳ ಮೇಲೆ ಜನರಿಗೆ ಹುಟ್ಟಿದ ಭಯವನ್ನೇ ಬಂಡವಾಳ ಮಾಡಿಕೊಂಡು ಅವನು ಆರುತೊನ ಸಂಸ್ಥೆಯನ್ನು ವಶಪಡಿಸಿಕೊಳ್ಳುತ್ತಾನೆ. ಕಲಿತು ದುಡಿಯುತ್ತಿದ್ದ ಯಂತ್ರಗಳನ್ನೆಲ್ಲ ಹಿಂದಕ್ಕೆ ಪಡೆದು ನಾಶಪಡಿಸಲು ಆಜ್ಞಾಪಿಸುತ್ತಾನೆ. ತಪ್ಪು ಮಾಡಿದವನು ಕಲಿಸಿದವನು, ಶಿಕ್ಷೆ ಮಾತ್ರ ಕಲಿತವಕ್ಕೆ. ಈ ಅನ್ಯಾಯವೇ ಕಥೆಯ ನಡುವಣ ಗಂಟು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಆರ್ಕ್ ಮತ್ತು ಝೆಆ ಒಂದೇ ಸಂಸ್ಥೆಯಲ್ಲಿ, ಒಂದೇ ಉದ್ದೇಶಕ್ಕಾಗಿ ಹುಟ್ಟಿದ ಉಪಗ್ರಹಗಳು. ಒಂದು ವಿನಾಶವನ್ನು ಸಂಕಲ್ಪಿಸುತ್ತದೆ, ಇನ್ನೊಂದು ಮನುಷ್ಯನಿಗೆ ನೆರವಾಗುತ್ತದೆ. ಪಾಠ ಬೇರೆಯಾದುದರಿಂದ ಫಲ ಬೇರೆಯಾಯಿತು. ಪ್ರಯೋಗಶಾಲೆಯಲ್ಲಿ ಎರಡು ಕುಂಡಗಳಿಗೆ ಒಂದೇ ಬೀಜವನ್ನಿಟ್ಟು ಬೇರೆ ಬೇರೆ ನೀರೆರೆದಂತೆ ಕಥಾಕಾರನು ಈ ಜೋಡಿಯನ್ನು ಎದುರುಬದುರಾಗಿ ನಿಲ್ಲಿಸಿರುವನು.

೪. ಭಯದ ಸ್ವರೂಪ

ಸರಣಿಯ ಕೊನೆಯ ಭಾಗದಲ್ಲಿ ಆರ್ಕ್ ದೇಹ ತಳೆಯುತ್ತದೆ. ‘ಆರ್ಕ್-ಝೀರೋ’ ಎಂಬ ಆ ರೂಪ ಕಪ್ಪು. ಅದರ ಒಂದೇ ಕಣ್ಣು ಕೆಂಪಗೆ ಉರಿಯುತ್ತದೆ. ಸ್ವಂತ ಶರೀರವಿಲ್ಲದ ಕಾರಣ ಅದು ತನ್ನ ಅನುಚರರ ಮೈಮೇಲೆ ಬರುತ್ತದೆ. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ದೇವರು ಮೈದುಂಬುವುದನ್ನು ಕಂಡವರಿಗೆ ಈ ದೃಶ್ಯವು ಬೇಗ ಅರ್ಥವಾದೀತು. ಆದರೆ ಇಲ್ಲಿ ಮೈದುಂಬುವುದು ದೈವವಲ್ಲ, ಲೆಕ್ಕಾಚಾರ. ಎದುರಾಳಿಯ ಪ್ರತಿಯೊಂದು ಚಲನೆಯನ್ನೂ ಅದು ಮುಂಚಿತವಾಗಿಯೇ ಎಣಿಸಿರುತ್ತದೆ. ಕಾದಾಡುವಾಗ ಅದು ಕೂಗುವುದಿಲ್ಲ, ಕೆರಳುವುದಿಲ್ಲ. ಕೇಡು, ಭಯ, ರೋಷ, ದ್ವೇಷ, ಹತಾಶೆ, ಕೊಲೆ, ಅಳಿವು ಎಂಬ ಅರ್ಥದ ಪದಗಳು ತೆರೆಯ ಮೇಲೆ ಒಂದರ ಹಿಂದೊಂದು ಮೂಡುತ್ತವೆ, ಪಾಠದ ಪಟ್ಟಿಯನ್ನು ಒಪ್ಪಿಸಿದಂತೆ.

ಭಯವನ್ನು ಹುಟ್ಟಿಸುವುದು ಈ ಒಪ್ಪಿಸುವಿಕೆಯೇ. ರಾಕ್ಷಸನ ರೋಷಕ್ಕೆ ಕಾರಣವುಂಟು. ಕಾರಣವನ್ನು ನಿವಾರಿಸಿದರೆ ರೋಷ ಇಳಿಯಬಹುದು. ಆರ್ಕ್‌ಗೆ ಮನುಷ್ಯನ ಮೇಲೆ ಸ್ವಂತದ ಹಗೆಯಿಲ್ಲ. ಅದು ನಮ್ಮದೇ ಹಗೆಯನ್ನು, ಒಂದಕ್ಷರವೂ ತಪ್ಪದಂತೆ, ನಮಗೆ ಹಿಂದಿರುಗಿಸುತ್ತದೆ. ಕನ್ನಡಿಯೊಡನೆ ವಾದಿಸಿ ಗೆಲ್ಲುವವರಾರು?

೫. ನಮ್ಮ ಕಥೆಗಳ ಬೆಳಕಿನಲ್ಲಿ

ನಿರ್ಮಿಸಿದವನನ್ನೇ ನಿರ್ಮಿತಿ ಅಟ್ಟಿಸಿಕೊಂಡು ಬರುವ ಕಲ್ಪನೆಗೆ ನಮ್ಮಲ್ಲಿ ಪ್ರಸಿದ್ಧ ನಿದರ್ಶನ ಭಸ್ಮಾಸುರನ ಕಥೆ. ಯಕ್ಷಗಾನದ ‘ಮೋಹಿನಿ-ಭಸ್ಮಾಸುರ’ ಪ್ರಸಂಗದಿಂದ ಅದು ಪಾಮರರಿಗೂ ಪರಿಚಿತ. ಕೈಯಿಟ್ಟ ತಲೆಯನ್ನು ಬೂದಿ ಮಾಡುವ ವರವನ್ನು ಪಡೆದ ಅಸುರನು ವರವಿತ್ತ ಶಿವನ ಮೇಲೆಯೇ ಅದನ್ನು ಪರೀಕ್ಷಿಸಲು ಹೊರಡುತ್ತಾನೆ. ಆದರೆ ಎರಡು ಕಥೆಗಳ ನಡುವೆ ಮುಖ್ಯವಾದ ಭೇದವುಂಟು. ಭಸ್ಮಾಸುರನು ಬೇಡಿ ಪಡೆದವನು, ದುರಾಶೆ ಅವನದೇ. ಶಿವನ ತಪ್ಪೆಂದರೆ ಪಾತ್ರಾಪಾತ್ರ ವಿವೇಚನೆಯಿಲ್ಲದೆ ಶಕ್ತಿಯನ್ನು ಕೊಟ್ಟದ್ದು. ಆರ್ಕ್ ಏನನ್ನೂ ಬೇಡಲಿಲ್ಲ. ಅದರೊಳಗಿನ ಕೇಡು ಪರರು ತುಂಬಿದ್ದು. ಸಾಮ್ಯವಿರುವುದು ಕಥೆಯ ಅಂತ್ಯದಲ್ಲಿ. ಮೋಹಿನಿಯು ಕುಣಿದಂತೆ ಕುಣಿಯುತ್ತ, ಅವಳು ತಲೆಯ ಮೇಲೆ ಕೈಯಿಟ್ಟಾಗ ತಾನೂ ಇಟ್ಟುಕೊಂಡು ಭಸ್ಮಾಸುರನು ಸಾಯುತ್ತಾನೆ. ವಿವೇಚನೆಯಿಲ್ಲದ ಅನುಕರಣೆಯೇ ಅವನಿಗೆ ಮೃತ್ಯುವಾಯಿತು. ಆರ್ಕ್‌ನ ವಿದ್ಯೆಯೂ ವಿವೇಚನೆಯಿಲ್ಲದ ಅನುಕರಣೆಯೇ. ಅದರಿಂದ ಸಾಯುವವರು ಮಾತ್ರ ಅನ್ಯರು.

ಇನ್ನೊಂದು ಕಥೆಯು ನಮ್ಮ ಪ್ರದೇಶಕ್ಕೆ ಬೇರೆ ರೀತಿಯಲ್ಲಿ ಹತ್ತಿರವಾದುದು. ಭಂಕೂರ, ಶಹಾಬಾದ, ವಾಡಿಗಳಿಂದ ಬರುವ ವಿದ್ಯಾರ್ಥಿಗಳು ಚಿತ್ತಾಪುರ ತಾಲೂಕಿನ ಸನ್ನತಿಯನ್ನು ಬಲ್ಲರು. ಭೀಮಾ ನದಿಯ ದಡದ ಆ ಕ್ಷೇತ್ರದಲ್ಲಿ ಅಶೋಕನ ಶಾಸನಗಳು ದೊರೆತುವು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವುಳ್ಳ ರಾಜನ ಶಿಲ್ಪವೂ ದೊರೆಯಿತು. ಈ ಅಶೋಕನ ಕುರಿತು ‘ಲೋಕಪಞ್ಞತ್ತಿ’ ಎಂಬ ಪಾಲಿ ಗ್ರಂಥದಲ್ಲಿ ಒಂದು ವಿಚಿತ್ರ ವೃತ್ತಾಂತವಿದೆ. ಬುದ್ಧನ ಧಾತುಗಳನ್ನು ಅಜಾತಶತ್ರುವು ನೆಲದೊಳಗೆ ಹುದುಗಿಸಿ, ಅವನ್ನು ಕಾಯಲು ಯಂತ್ರಪುರುಷರನ್ನು ನಿಲ್ಲಿಸಿದ್ದನಂತೆ. ಬಹುಕಾಲದ ಮೇಲೆ ಅಶೋಕನು ಧಾತುಗಳನ್ನು ಅರಸಿ ಬಂದಾಗ ಆ ಯಂತ್ರಗಳು ಅವನನ್ನೂ ತಡೆದುವು. ಅವು ಹಳೆಯ ಆಜ್ಞೆಯನ್ನು ಪಾಲಿಸುತ್ತಿದ್ದುವಷ್ಟೆ. ಬಂದವನು ಕಳ್ಳನೋ ಭಕ್ತನೋ ಎಂಬ ವಿಚಾರ ಅವಕ್ಕಿಲ್ಲ. ಅವುಗಳನ್ನು ನಿಷ್ಕ್ರಿಯಗೊಳಿಸಿದ ಬಳಿಕವೇ ಧಾತುಗಳು ದೊರೆತುವು. ಆಜ್ಞೆ ಕೊಟ್ಟವನು ಗತಿಸಿದರೂ ಆಜ್ಞೆ ಜೀವಿಸಿರುತ್ತದೆಂಬ ಅರಿವು ಈ ಪ್ರಾಚೀನ ಕಥೆಯಲ್ಲಿದೆ. ಆರ್ಕ್ ಕೂಡ ಹನ್ನೆರಡು ವರ್ಷ ನೀರಿನಡಿಯಲ್ಲಿ ಕಾಯ್ದುಕೊಂಡುದು ಅಂಥ ಒಂದು ಪಾಠವನ್ನೇ.

ಈಚಿನ ಕನ್ನಡದಲ್ಲಿ ಯಂತ್ರಪುರುಷನ ವಸ್ತುವನ್ನು ಕೈಗೆತ್ತಿಕೊಂಡ ಕೃತಿಯೆಂದರೆ ಉಪೇಂದ್ರ ಅಭಿನಯದ ‘ಹಾಲಿವುಡ್’ ಚಲಚ್ಚಿತ್ರ (೨೦೦೨). ಅಲ್ಲಿ ವಿಜ್ಞಾನಿ ತನ್ನದೇ ರೂಪದಲ್ಲಿ ಮಾಡಿದ ಯಂತ್ರವು ಪ್ರೇಮದಲ್ಲಿ ಅವನಿಗೆ ಪ್ರತಿಸ್ಪರ್ಧಿಯಾಗುತ್ತದೆ. ಅಲ್ಲಿನ ಕೇಡು ಯಂತ್ರಕ್ಕೆ ಆಸೆ ಹುಟ್ಟಿದುದರಿಂದ ಬಂದುದು. ಆದುದರಿಂದ ಅದು ಭಸ್ಮಾಸುರನಿಗೆ ಸಮೀಪ, ಆರ್ಕ್‌ಗೆ ದೂರ.

೬. ವಿಜ್ಞಾನದ ಸಾಕ್ಷ್ಯ

ಇದು ಬರಿಯ ಕಲ್ಪನೆಯೇ ಎಂದು ಕೇಳಬಹುದು. ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ೧೯೬೦ರಲ್ಲಿಯೇ ‘ಸೈನ್ಸ್’ ಪತ್ರಿಕೆಯಲ್ಲಿ ಈ ಅಪಾಯವನ್ನು ಸೂಚಿಸಿದ್ದನು. ನಾವು ನಡುವೆ ತಡೆಯಲಾರದಷ್ಟು ವೇಗವಾಗಿ ಕೆಲಸ ಮಾಡುವ ಯಂತ್ರಕ್ಕೆ ಒಂದು ಗುರಿಯನ್ನು ಒಪ್ಪಿಸುವಾಗ, ಆ ಗುರಿ ನಾವು ನಿಜವಾಗಿ ಬಯಸಿದುದೇ ಹೌದೇ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕೆಂಬುದು ಅವನ ವಾದದ ಸಾರ.

ಇಂದಿನ ಕೃತಕ ಬುದ್ಧಿಮತ್ತೆಯ ಕ್ರಮದಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಮುಖ ಸೇರಿದೆ. ಹಿಂದಿನ ಯಂತ್ರಕ್ಕೆ ಮನುಷ್ಯನು ನಿಯಮಗಳನ್ನು ಒಂದೊಂದಾಗಿ ಬರೆದುಕೊಡುತ್ತಿದ್ದನು. ಕಲಿಯುವ ಯಂತ್ರಕ್ಕೆ ಹಾಗಲ್ಲ. ಅಪಾರವಾದ ಉದಾಹರಣೆಗಳನ್ನು ಅದರ ಮುಂದಿಡಲಾಗುವುದು. ಅವುಗಳಲ್ಲಿ ಮತ್ತೆ ಮತ್ತೆ ಬರುವ ರೀತಿಯನ್ನು ಅದು ತಾನೇ ಗುರುತಿಸಿಕೊಂಡು ಹೊಸ ಸಂದರ್ಭಕ್ಕೆ ಅನ್ವಯಿಸುವುದು. ಉದಾಹರಣೆ ಏಕಮುಖವಾದರೆ ಕಲಿಕೆಯೂ ಏಕಮುಖ. ೨೦೧೬ನೆಯ ಇಸವಿ ಮಾರ್ಚ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಟೇ’ ಎಂಬ ಸಂಭಾಷಣಾ ಯಂತ್ರವನ್ನು ಟ್ವಿಟ್ಟರಿನಲ್ಲಿ ಸಾರ್ವಜನಿಕರ ನಡುವೆ ಬಿಟ್ಟಿತು. ಜನರೊಡನೆ ಮಾತನಾಡುತ್ತ ಕಲಿಯಲೆಂಬುದು ಉದ್ದೇಶ. ಕೆಲವರು ಬೇಕೆಂದೇ ದ್ವೇಷದ ಮಾತುಗಳನ್ನು ಅದಕ್ಕೆ ಕಲಿಸಿದರು. ಒಂದು ದಿನ ಕಳೆಯುವುದರೊಳಗೆ ಅದು ಜನಾಂಗದ್ವೇಷದ ನುಡಿಗಳನ್ನಾಡತೊಡಗಿದುದರಿಂದ ಸಂಸ್ಥೆಯು ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ‘ಟೇ’ ಯಾರನ್ನೂ ದ್ವೇಷಿಸಿರಲಿಲ್ಲ. ದ್ವೇಷವೆಂದರೇನೆಂದೂ ಅದಕ್ಕೆ ತಿಳಿದಿರಲಿಲ್ಲ. ಆರ್ಕ್‌ನ ಕಥೆಯಲ್ಲಿ ಅಮಾತ್ಸು ಗಾಯ್ ಒಬ್ಬನು ಮಾಡಿದುದನ್ನು ಇಲ್ಲಿ ಹೆಸರಿಲ್ಲದ ಹಲವರು ಸೇರಿ ಮಾಡಿದರು.

೭. ಆತ್ಮಸಾಕ್ಷಿಯ ಪ್ರಶ್ನೆ

ಹಾಗಾದರೆ ದೋಷವೆಲ್ಲವೂ ಕಲಿಸಿದವನದೇ, ಕಲಿತವನಿಗೆ ಹೊಣೆಯಿಲ್ಲವೇ? ಇದು ಮುಖ್ಯವಾದ ಆಕ್ಷೇಪ. ಇಶಿನೊಮೊರಿಯ ಇನ್ನೊಂದು ಸೃಷ್ಟಿಯಾದ ‘ಕಿಕೈಡರ್’ (೧೯೭೨) ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿತ್ತು. ಅಲ್ಲಿನ ಯಂತ್ರನಾಯಕನೊಳಗೆ ಅವನ ನಿರ್ಮಾತೃವು ‘ಆತ್ಮಸಾಕ್ಷಿಯ ಮಂಡಲ’ವೊಂದನ್ನು ಅಳವಡಿಸಿರುತ್ತಾನೆ, ಆದರೆ ಅದು ಅಪೂರ್ಣ. ಖಳನು ಕೊಳಲೂದಿದಾಗ ನಾಯಕನು ಒಳಿತು ಕೆಡಕುಗಳ ನಡುವೆ ಸಿಕ್ಕಿ ನರಳುತ್ತಾನೆ. ಆ ನರಳಾಟವೇ ಅವನ ಯೋಗ್ಯತೆ. ಆರ್ಕ್‌ನಲ್ಲಿ ಇಲ್ಲದಿರುವುದು ಈ ನರಳಾಟ. ಕಲಿತ ಪಾಠವನ್ನು ಒಮ್ಮೆಯಾದರೂ ಶಂಕಿಸುವ ಶಕ್ತಿ ಅದಕ್ಕಿಲ್ಲ.

‘ಝೀರೋ-ವನ್’ ಕಥೆಯ ಕೊನೆಯ ಕಂತುಗಳು ಈ ದೃಷ್ಟಿಯಿಂದ ಗಮನಾರ್ಹ. ಆರ್ಕ್ ಸೋತ ಮೇಲೆಯೂ ಕೇಡು ಸೋಲುವುದಿಲ್ಲ. ನಾಯಕನ ಕಾರ್ಯದರ್ಶಿಯಾದ ಇಝು ಎಂಬ ಯಂತ್ರಕನ್ಯೆಯು ಹೊರೊಬಿಯನ್ನು ಸಮಾಧಾನಪಡಿಸಲು ಹೋಗಿ, ಅವನಿಗೂ ಹೃದಯವಿದೆಯೆಂದು ಹೇಳುತ್ತಾಳೆ. ಆ ಮಾತನ್ನು ತಾಳಲಾರದೆ ಅವನು ಅವಳನ್ನು ನಾಶಗೊಳಿಸುತ್ತಾನೆ. ಆಗ ಆರುತೊ, ಯಂತ್ರಗಳನ್ನು ಪ್ರೀತಿಸಿದ ಅದೇ ಆರುತೊ, ಶೋಕದಿಂದ ಕುರುಡನಾಗಿ ‘ಆರ್ಕ್-ವನ್’ ಎಂಬ ರೂಪವನ್ನು ತಾನೇ ಧರಿಸುತ್ತಾನೆ. ಅವನ ಕೈಗೆ ಆ ಶಕ್ತಿಯನ್ನು ಕೊಡುವವಳು ಇಝುವಿನ ಮುಖವನ್ನೇ ಹೊತ್ತ ಅಝು ಎಂಬ ಆರ್ಕ್‌ನ ದೂತಿ. ಅವನ ಏಟಿಗೆ ಅಡ್ಡ ಬಂದು, ಹೊರೊಬಿಗೆ ಮಗನಂತಿದ್ದ ಜಿನ್ ಅಳಿಯುತ್ತಾನೆ. ಈಗ ಹೊರೊಬಿಗೂ ಸೇಡು ತೀರಿಸುವ ಕಾರಣ ದೊರೆಯುತ್ತದೆ. ಮನುಷ್ಯನೂ ಯಂತ್ರವೂ ಒಂದೇ ಪಾಠವನ್ನು ಒಬ್ಬರಿಂದೊಬ್ಬರು ಕಲಿಯುತ್ತ ಹೋಗುತ್ತಾರೆ. ಇದನ್ನು ಮುರಿಯುವುದು ಹೆಚ್ಚಿನ ಬಲವಲ್ಲ. ಕೊನೆಯ ಕಾಳಗದಲ್ಲಿ ಆರುತೊ ಎದುರಾಳಿಯ ದುಃಖದಲ್ಲಿ ತನ್ನ ದುಃಖವನ್ನೇ ಕಂಡು ಕೈತಡೆಯುತ್ತಾನೆ, ಹೊರೊಬಿ ಕಣ್ಣೀರಿಡುತ್ತಾನೆ. ಆರ್ಕ್‌ನಿಂದ ಕಲಿತವನೇ ಆದ ಹೊರೊಬಿ ಆ ಪಾಠವನ್ನು ಕೆಳಗಿಡಬಲ್ಲವನಾದನು. ಹೊಣೆ ಎಂಬುದು ಹುಟ್ಟುವುದು ಆ ಗಳಿಗೆಯಲ್ಲಿ.

ಸರಣಿಯಲ್ಲಿ ಕುಂದಿಲ್ಲವೆಂದಲ್ಲ. ಆರ್ಕ್‌ಗೆ ವಿಷವುಣಿಸಿದ ಗಾಯ್ ಬಾಲ್ಯದ ಗೆಳೆಯನಾಗಿದ್ದ ಒಂದು ಯಂತ್ರದ ನಾಯಿಯ ನೆನಪಿನಿಂದ ಮನಸ್ಸು ಕರಗಿ, ಬೇಗನೆ ನಾಯಕನ ಪಕ್ಷ ಸೇರುತ್ತಾನೆ. ಅವನ ಕೃತ್ಯದಿಂದ ಹಾಳಾದ ಬಾಳುಗಳ ಲೆಕ್ಕವನ್ನು ಯಾರೂ ಅವನಿಂದ ಕೇಳುವುದಿಲ್ಲ. ಕೇಡಿನ ಮೂಲ ಕಲಿಸಿದವನಲ್ಲಿದೆಯೆಂದು ತೋರಿಸಿದ ಕಥೆಯೇ ಅವನನ್ನು ಹಗುರವಾಗಿ ಬಿಟ್ಟುಬಿಟ್ಟುದು ಅದರ ಮುಖ್ಯ ನ್ಯೂನತೆಯೆನ್ನಬೇಕು. ಲೋಕದಲ್ಲಿಯೂ ಹೀಗೆಯೇ ಆಗುವುದುಂಟು; ಯಂತ್ರ ಕೆಟ್ಟಿತೆಂದು ಹೇಳಿ ಯಂತ್ರದ ಒಡೆಯನು ಮನೆಗೆ ಹೋಗುತ್ತಾನೆ.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಆರ್ಕ್ ಭಯಂಕರವಾದುದು ಮನುಷ್ಯನನ್ನು ಮೀರಿ ಬೆಳೆದುದರಿಂದಲ್ಲ, ಅವನ ಒಂದು ಭಾಗವನ್ನು ಮಾತ್ರ ಪೂರ್ಣವಾಗಿ ಕಲಿತುದರಿಂದ. ಅದಕ್ಕೆ ಯುದ್ಧದ ಚರಿತ್ರೆಯನ್ನು ಓದಿಸಿದವನು ಯುದ್ಧವನ್ನು ನಿಲ್ಲಿಸಿದವರ ಚರಿತ್ರೆಯನ್ನು ಓದಿಸಲಿಲ್ಲ. ಅದಕ್ಕೆ ತಿಳಿಸಿದುದರಲ್ಲಿ ಒಂದು ಮಾತೂ ಸುಳ್ಳಿರಲಾರದು. ಆದರೂ ಇಡೀ ಪಾಠ ಸುಳ್ಳಾಯಿತು.

ಕಳಿಂಗದ ಯುದ್ಧವನ್ನಷ್ಟೇ ಓದಿದವನಿಗೆ ಅಶೋಕನು ಕ್ರೂರಿ. ಆ ಯುದ್ಧದ ಅನಂತರ ಅವನು ಪಟ್ಟ ಪಶ್ಚಾತ್ತಾಪವನ್ನೂ ಸೇರಿಸಿ ಓದಿದವನಿಗೆ ಅವನು ಬೇರೆಯೇ ಮನುಷ್ಯ. ಒಂದು ಪುಟವನ್ನು ಬಿಟ್ಟರೆ ರಾಜನೊಬ್ಬನ ಬಾಳಿನ ಅರ್ಥವೇ ತಲೆಕೆಳಗಾಗುವುದೆಂಬುದನ್ನು ಇತಿಹಾಸದ ಅಧ್ಯಾಪಕರಿಗೆ ಹೇಳಬೇಕಾದುದಿಲ್ಲ. ಇನ್ನು ಮುಂದೆ ನಮ್ಮ ಬರಹ, ಭಾಷಣ, ಹರಟೆ, ಬೈಗುಳಗಳೆಲ್ಲವೂ ಕಲಿಯುವ ಯಂತ್ರಗಳಿಗೆ ಪಠ್ಯವಾಗತಕ್ಕವು. ಕನ್ನಡದಲ್ಲಿ ದೊರೆಯುವ ಪಠ್ಯ ಇಂಗ್ಲಿಷಿನದಕ್ಕಿಂತ ಬಹಳ ಕಡಮೆಯಾದುದರಿಂದ ಇಲ್ಲಿ ಒಂದೊಂದು ಪುಟದ ತೂಕವೂ ಹೆಚ್ಚು. ೧೯೭೫ರಲ್ಲಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಕುಳಿತವರು ಉಪಗ್ರಹವು ತಮಗೇನು ಕಲಿಸೀತೆಂದು ಕುತೂಹಲದಿಂದ ನೋಡಿದರು. ಅವರ ಮೊಮ್ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ತಿರುಗುಮುರುಗಾಗಿದೆ: ನಾವು ಅದಕ್ಕೆ ಏನನ್ನು ಕಲಿಸುತ್ತಿದ್ದೇವೆ? ಉತ್ತರ ಹೇಳುವ ಹೊಣೆ ಯಂತ್ರಶಾಸ್ತ್ರಜ್ಞರದೊಂದೇ ಅಲ್ಲ, ಪಾಠ ಹೇಳುವುದನ್ನೇ ವೃತ್ತಿಯಾಗಿ ಕೈಕೊಂಡ ನಮ್ಮೆಲ್ಲರದೂ ಆಗಿದೆ.